ಎರಡು ಸಲ ಮುರಿದ ರಾಡ್: ಒಂದು ರಿಪೇರಿಯ ಪ್ರಕರಣ

ಫೆಬ್ರವರಿ ಎರಡನೇ ವಾರ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಮೇಷ್ಟ್ರು ಮನೆಗೆ ಬಂದರು. ಕೈಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಮೇಜಿನ ಮೇಲಿಟ್ಟು ಬಿಚ್ಚಿದರು. ಮೀನು ಹಿಡಿಯುವ ಎಂಟು ಅಡಿಯ ಕಾರ್ಬನ್ ರಾಡ್. ಎರಡು ತುಂಡು ಜೋಡಿಸುವಂಥದ್ದು. ಈಗ ಮೂರು ತುಂಡಾಗಿತ್ತು.

"ಮೀನೇ ಇರ್ಲಿಲ್ಲ ಕಣಪ್ಪಾ. ಗಾಳ ಎಸೆಯೋಕೆ ಹೋದೆ, ಫಟ್ ಅಂತು" ಅಂದರು.

ಆ ಮಾತನ್ನು ನಾನು ಅವತ್ತು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಆ ರಾಡ್ ಎರಡನೇ ಸಲ ಮುರಿಯುತ್ತಿರಲಿಲ್ಲ. ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿರುವುದೇ ಅದಕ್ಕೆ. ನಮ್ಮ ಕಡೆ ರಾಡ್ ರಿಪೇರಿ ಮಾಡುವವರು ಕಡಿಮೆ. ಮುರಿದರೆ ಜನ ಫೆವಿಕ್ವಿಕ್ ಹಾಕುತ್ತಾರೆ, ಎಂ-ಸೀಲ್ ಮೆತ್ತುತ್ತಾರೆ, ಆಮೇಲೆ ಅಟ್ಟಕ್ಕೆ ಎಸೆಯುತ್ತಾರೆ. ಎಸೆಯುವ ರಾಡ್‌ಗಳಲ್ಲಿ ಅರ್ಧಕ್ಕರ್ಧ ಉಳಿಸಬಹುದು ಅಂತ ನನ್ನ ಅನುಭವ.

ನನ್ನ ಬಗ್ಗೆ ಎರಡು ಮಾತು. ಮೈಸೂರಿನ ಬನ್ನಿಮಂಟಪದ ಹತ್ತಿರ ಇಪ್ಪತ್ತು ವರ್ಷ ಮೋಟಾರ್ ವೈಂಡಿಂಗ್ ಕೆಲಸ ಮಾಡಿದವನು ನಾನು. ಪಂಪ್‌ಸೆಟ್ಟು, ಗ್ರೈಂಡರು, ಫ್ಯಾನು. ಎನಾಮಲ್ ವೈರನ್ನು ಒಂದರ ಪಕ್ಕ ಒಂದು ಕೂರಿಸುವುದು ಕೈಗೆ ಅಂಟಿಬಿಟ್ಟಿದೆ. ರಾಡಿಗೆ ಲೈನ್ (ಗಾಳದ ದಾರ) ಹಾಯುವ ರಿಂಗು ಕಟ್ಟುವುದೂ ಅದೇ ಥರದ ಕೆಲಸ. ತಂತಿ ಬದಲು ನೂಲು, ವಾರ್ನಿಷ್ ಬದಲು ಎಪಾಕ್ಸಿ, ಅಂದರೆ ಎರಡು ದ್ರಾವಣ ಕಲೆಸಿ ಮಾಡುವ ಅಂಟು. ಈಗ ಮನೆಯ ಹಿಂದಿನ ಕೋಣೆಯಲ್ಲೇ ಈ ಕೆಲಸ ಮಾಡುತ್ತೇನೆ.

ಮೇಷ್ಟ್ರು ಶ್ರೀರಂಗಪಟ್ಟಣ ತಾಲ್ಲೂಕಿನವರು. ಶಾಲೆಯಿಂದ ನಿವೃತ್ತರಾಗಿ ಆರೇಳು ವರ್ಷ ಆಗಿದೆ. ಪಾಂಡವಪುರದ ಕಡೆ ಒಂದು ಕೆರೆಗೆ ವಾರಕ್ಕೆರಡು ದಿನ ಹೋಗುತ್ತಾರೆ. ಮೀನು ಗುತ್ತಿಗೆ ಹಿಡಿದವರಿಗೆ ಹೇಳಿ, ಅವರಿಗೆ ಕೊಡುವುದು ಕೊಟ್ಟು, ದಡದಲ್ಲಿ ಕೂರುತ್ತಾರೆ. ಕಟ್ಲಾ, ರೋಹು, ಜಿಲೇಬಿ ಮೀನು. ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ. ರಂಗನತಿಟ್ಟಿನ ಸುತ್ತ ಗಾಳ ಹಾಕಬಾರದು ಅಂತ ಬೇರೆಯವರಿಗೂ ತಿಳಿಹೇಳುವ ಮನುಷ್ಯ. ರಾಡ್ ಅವರ ಮಗ ತಂದುಕೊಟ್ಟದ್ದು. ಬೆಲೆಗಿಂತ ಅದೇ ಅವರಿಗೆ ಮುಖ್ಯ. "ಹೊಸದು ತಗೊಳ್ಳಿ ಸಾರ್" ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ಮೊದಲ ರಿಪೇರಿ

ಮುರಿದದ್ದು ಮೇಲಿನ ತುಂಡು. ಎರಡು ತುಂಡು ಸೇರುವ ಜಾಯಿಂಟಿನಿಂದ 11 ಇಂಚು ಮೇಲೆ. ಅಲ್ಲೇ ಹತ್ತಿರ ಒಂದು ರಿಂಗಿನ ಕಾಲು, ಅಂದರೆ ರಾಡಿನ ಮೇಲೆ ಕೂರಿಸಿ ನೂಲಿನಲ್ಲಿ ಕಟ್ಟುವ ಪಟ್ಟಿ, ಇತ್ತು. ರಿಂಗಿನ ಕಾಲು ಕೆಳಗೆ ಚೂಪಾಗಿದ್ದರೆ ಕೊಳವೆಯನ್ನು ಕೊರೆಯುತ್ತದೆ, ಅಲ್ಲೇ ಮುರಿಯುತ್ತದೆ. ಇದು ಬಹಳ ಸಲ ನೋಡಿದ ರೋಗ. ಉಗುರು ಆಡಿಸಿ ನೋಡಿದೆ. ಹೌದು, ಕಾಲಿನ ಅಂಚು ಒರಟಾಗಿತ್ತು. ಕಾರಣ ಸಿಕ್ಕಿತು ಅಂದುಕೊಂಡೆ. ಅಲ್ಲಿಗೆ ನೋಡುವುದನ್ನು ನಿಲ್ಲಿಸಿಬಿಟ್ಟೆ.

ಮಾಡಿದ ಕೆಲಸ ಹೀಗೆ. ಬೇರೆ ಹಳೇ ರಾಡಿನ ತುಂಡೊಂದನ್ನು 4 ಇಂಚು ಉದ್ದಕ್ಕೆ ಕತ್ತರಿಸಿದೆ. ಮುರಿದ ಕೊಳವೆಯ ಒಳಗೆ ಆ ಕಡೆ 2 ಇಂಚು, ಈ ಕಡೆ 2 ಇಂಚು ಹೋಗುವ ಹಾಗೆ ಎಪಾಕ್ಸಿ ಹಾಕಿ ಕೂರಿಸಿದೆ. ಹೊರಗೆ ನೂಲು ಸುತ್ತಿದೆ. ರಿಂಗಿನ ಕಾಲನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ ಮತ್ತೆ ಕಟ್ಟಿದೆ. ನೋಡೋಕೆ ಚೆನ್ನಾಗೇ ಇತ್ತು. ಮೇಷ್ಟ್ರು ಖುಷಿಯಾಗಿ ತೆಗೆದುಕೊಂಡು ಹೋದರು.

ಮೂರು ವಾರಕ್ಕೆ ಫೋನು. "ಮತ್ತೆ ಹೋಯ್ತು ಕಣಪ್ಪಾ. ನೀನು ಕಟ್ಟಿದ ಕಡೆ ಗಟ್ಟಿಯಾಗೇ ಐತೆ. ಅದರ ಮೇಲ್ಗಡೆ ಹೋಯ್ತು."

ಈ ಸಲವೂ ಮೀನಿರಲಿಲ್ಲ. ಈ ಸಲವೂ ಎಸೆಯುವಾಗಲೇ.

ಇಷ್ಟಕ್ಕೂ ರಾಡ್ ಅಂದರೆ ಏನು?

ಮುಂದಿನದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ರಿಂಗು, ಹಿಡಿ, ಲೈನ್ ಸುತ್ತುವ ರೀಲ್ ಕೂರುವ ಜಾಗ ಎಲ್ಲ ತೆಗೆದರೆ ಉಳಿಯುವ ಬರೀ ಕೊಳವೆಗೆ ಬ್ಲಾಂಕ್ ಅನ್ನುತ್ತಾರೆ. ರಾಡಿನ ಜೀವ ಇರುವುದೇ ಅದರಲ್ಲಿ. ಕಾರ್ಬನ್ ಎಳೆಗಳ ಹಾಳೆಗೆ ರೆಸಿನ್ ಅಂಟು ಹಿಡಿಸಿರುತ್ತಾರೆ. ಅದನ್ನು ಬುಡ ದಪ್ಪ, ತುದಿ ಸಣ್ಣ ಇರುವ ಉಕ್ಕಿನ ಸರಳಿಗೆ ಸುತ್ತುತ್ತಾರೆ. ಕಾವಿನಲ್ಲಿ ಬೇಯಿಸಿ ಗಟ್ಟಿ ಮಾಡಿ, ಆಮೇಲೆ ಸರಳನ್ನು ಎಳೆದು ತೆಗೆಯುತ್ತಾರೆ. ಉಳಿಯುವುದು ಟೊಳ್ಳು ಕೊಳವೆ. ನಮ್ಮ ಮೇಷ್ಟ್ರ ರಾಡಿನಲ್ಲಿ ಮುರಿದ ಜಾಗದ ಗೋಡೆ ಮುಕ್ಕಾಲು ಮಿಲಿಮೀಟರ್ ದಪ್ಪ. ಅಷ್ಟೇ.

ಈ ಕೊಳವೆಗೆ ಬಾಗುವುದು ಚೆನ್ನಾಗಿ ಗೊತ್ತು. ಉದ್ದಕ್ಕೆ ಎಳೆದರೆ ತಡೆಯುತ್ತದೆ. ಪಕ್ಕದಿಂದ ಬೀಳುವ ಏಟು ಮಾತ್ರ ತಡೆಯುವುದಿಲ್ಲ. ಬಿದಿರಿನ ಕೋಲಿಗೆ ಏಟು ಬಿದ್ದರೆ ಗೀರು ಕಾಣುತ್ತದೆ, ನಾರು ಎದ್ದು ಕಾಣುತ್ತದೆ. ಫೈಬರ್ ಗ್ಲಾಸ್ ರಾಡಿಗೆ ಬಿದ್ದರೂ ತಾಳಿಕೊಳ್ಳುತ್ತದೆ. ಕಾರ್ಬನ್ ಹಾಗಲ್ಲ. ಹೊರಗೆ ಬಣ್ಣದಲ್ಲಿ ಚುಕ್ಕೆಯಷ್ಟು ಗುರುತು. ಒಳಗೆ ಎಳೆ ಬಿರುಕು ಬಿಟ್ಟು, ಪದರಗಳು ಒಂದಕ್ಕೊಂದು ಬಿಟ್ಟುಕೊಂಡಿರುತ್ತವೆ. ಅವತ್ತು ಮುರಿಯುವುದಿಲ್ಲ. ಹತ್ತು ದಿನ, ಇಪ್ಪತ್ತು ದಿನ ಚೆನ್ನಾಗೇ ಇರುತ್ತದೆ. ಆಮೇಲೊಂದು ದಿನ ಹಗುರವಾಗಿ ಎಸೆದರೂ ಸಾಕು, ಫಟ್ ಅನ್ನುತ್ತದೆ. ಅಂದರೆ ಮುರಿತ ಶುರುವಾದದ್ದು ಒಂದು ದಿನ, ನಮಗೆ ಕಂಡದ್ದು ಇನ್ನೊಂದು ದಿನ.

ಮೇಷ್ಟ್ರು ಮೊದಲ ದಿನವೇ ಹೇಳಿದ ಮಾತಿನ ಅರ್ಥ ಇದೇ ಆಗಿತ್ತು. ಮೀನು ಇಲ್ಲದೆ ಮುರಿದಿದೆ ಅಂದರೆ ಭಾರಕ್ಕೆ ಮುರಿದದ್ದಲ್ಲ.

ಸೀಸದ ಗುಂಡು

ಎರಡನೇ ಸಲ ರಾಡ್ ಬಂದಾಗ ಎಪಾಕ್ಸಿ ಡಬ್ಬಿ ಮುಟ್ಟಲಿಲ್ಲ. ಮೊದಲು ಕಾರಣ, ಆಮೇಲೆ ಕೆಲಸ ಅಂತ ಕೂತೆ.

ಮುರಿದಿರುವುದು ಜಾಯಿಂಟಿನಿಂದ ಹದಿಮೂರೂವರೆ ಇಂಚು ಮೇಲೆ. ನಾನು ಒಳಗೆ ಹಾಕಿದ್ದ ತುಂಡು 13 ಇಂಚಿಗೆ ಮುಗಿಯುತ್ತದೆ. ಅದು ಮುಗಿದ ಅರ್ಧ ಇಂಚಿಗೇ ಹೋಗಿದೆ. ಇದರಲ್ಲಿ ನನ್ನ ತಪ್ಪು ಸ್ಪಷ್ಟ. ಒಳಗಿನ ತುಂಡಿನ ತುದಿಯನ್ನು ನೇರ ಅಡ್ಡಕ್ಕೆ ಕತ್ತರಿಸಿ ಹಾಗೇ ಬಿಟ್ಟಿದ್ದೆ. ತುಂಡು ಇರುವವರೆಗೆ ರಾಡ್ ಬಾಗುವುದಿಲ್ಲ. ಮುಗಿದ ತಕ್ಷಣ ಪೂರ್ತಿ ಬಾಗು ಒಂದೇ ಜಾಗಕ್ಕೆ ಬೀಳುತ್ತದೆ. ಆದರೆ ಅದೊಂದರಿಂದಲೇ ಮೂರು ವಾರದಲ್ಲಿ ಮುರಿಯುತ್ತದಾ? ನನಗೆ ಸಮಾಧಾನವಾಗಲಿಲ್ಲ.

ಮುರಿದ ಬಾಯಿ ನೋಡಿದೆ. ಅತಿಯಾಗಿ ಬಾಗಿ ಮುರಿದ ಕೊಳವೆ ಚಪ್ಪಟೆಯಾಗಿ ಸೀಳಿರುತ್ತದೆ, ಉದ್ದುದ್ದ ಎಳೆ ಕಿತ್ತು ಬಂದಿರುತ್ತವೆ. ಇಲ್ಲಿ ಹಾಗಿರಲಿಲ್ಲ. ಕೊಳವೆಯ ಸುತ್ತಳತೆಯಲ್ಲಿ ಕಾಲು ಭಾಗ ಚಾಕುವಿನಲ್ಲಿ ಕೊಯ್ದ ಹಾಗೆ ನೇರವಾಗಿತ್ತು. ಉಳಿದ ಮುಕ್ಕಾಲು ಮಾತ್ರ ಸೀಳಿತ್ತು. ಆ ನೇರ ಭಾಗ ಮೊದಲೇ ಬಿರುಕು ಬಿಟ್ಟಿತ್ತು ಅಂತ ಅರ್ಥ.

ನಾನು ಸುತ್ತಿದ್ದ ನೂಲನ್ನು ಬ್ಲೇಡಿನಲ್ಲಿ ಎಬ್ಬಿಸಿ ತೆಗೆದೆ. ಕಪ್ಪು ಕೊಳವೆಯ ಮೇಲೆ ಗುರುತು ಕಾಣುವುದು ಕಷ್ಟ. ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. "ಸೀಮೆಸುಣ್ಣ ಇದೆಯಾ ಮನೇಲಿ?" ಅಂದರು. ಒಂದು ತುಂಡು ಪುಡಿ ಮಾಡಿ, ಬೆರಳಿನಲ್ಲಿ ಕೊಳವೆಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದರು. ನುಣುಪು ಜಾಗದಲ್ಲಿ ಪುಡಿ ಉಳಿಯಲಿಲ್ಲ. ಗೀರಿರುವ ಕಡೆ ಬೆಳ್ಳಗೆ ಕೂತುಕೊಂಡಿತು. ಕಿಟಕಿ ಬೆಳಕಿಗೆ ಹಿಡಿದೆವು. ಹತ್ತೂವರೆ ಇಂಚಿನಿಂದ ಹದಿನಾಲ್ಕೂವರೆ ಇಂಚಿನವರೆಗೆ ಬಿಳಿ ಚುಕ್ಕೆಗಳು. ಅರ್ಧಚಂದ್ರದ ಆಕಾರದ ಏಳೆಂಟು ಗುರುತು. ಎಲ್ಲ ಒಂದೇ ಪಕ್ಕದಲ್ಲಿ. ಅದರ ಮೇಲೆ ಇಲ್ಲ, ಕೆಳಗೆ ಇಲ್ಲ.

ನಾಲ್ಕು ಇಂಚಿನ ಜಾಗಕ್ಕೇ ಯಾಕೆ ಏಟು ಬೀಳುತ್ತಿದೆ?

"ಸಾರ್, ಕೆರೆಗೆ ರಾಡ್ ಹೇಗೆ ತಗೊಂಡು ಹೋಗ್ತೀರಿ?" ಅಂತ ಕೇಳಿದೆ. ಈ ಪ್ರಶ್ನೆಯನ್ನು ಫೆಬ್ರವರಿಯಲ್ಲೇ ಕೇಳಬೇಕಿತ್ತು.

ಅವರು ರಾಡನ್ನು ಬಿಚ್ಚುವುದಿಲ್ಲ. ಜೋಡಿಸಿದ ಹಾಗೇ, ರೀಲ್, ಭಾರಕ್ಕೆ ಕಟ್ಟುವ ಸೀಸದ ಗುಂಡು, ಹುಕ್ಕು ಸಮೇತ ಮೊಪೆಡ್ಡಿನ ಪಕ್ಕಕ್ಕೆ ಉದ್ದಕ್ಕೆ ಕಟ್ಟಿಕೊಳ್ಳುತ್ತಾರೆ. ಹುಕ್ಕನ್ನು ಬುಡದ ಕಡೆಯ ದೊಡ್ಡ ರಿಂಗಿಗೆ ಸಿಕ್ಕಿಸಿ, ರೀಲ್ ತಿರುಗಿಸಿ ಲೈನ್ ಬಿಗಿ ಮಾಡುತ್ತಾರೆ. ಹಾಗೇ ವಿಸಿ (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ 9 ಕಿಲೋಮೀಟರ್. ಆ ಏರಿಯ ಮಣ್ಣು ರಸ್ತೆ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು.

"ಬಿಚ್ಚಿದ್ರೆ ಅಲ್ಲಿ ಹೋಗಿ ಮತ್ತೆ ಕಟ್ಟಬೇಕಲ್ಲಪ್ಪ. ಕಣ್ಣು ಮಂಜು. ಹುಕ್ಕು ಕಟ್ಟೋಕೆ ಅರ್ಧ ಗಂಟೆ ಬೇಕು ನಂಗೆ."

ರೀಲ್ ಮತ್ತು ಲೈನ್ ತಂದಿದ್ದರು. ಬುಡದ ತುಂಡಿಗೆ ಮೇಲಿನ ತುಂಡುಗಳನ್ನು ಟೇಪ್ ಹಾಕಿ ಹಿಡಿಸಿದೆ. ಅವರು ಕಟ್ಟುವ ಹಾಗೇ ಹುಕ್ಕನ್ನು ದೊಡ್ಡ ರಿಂಗಿಗೆ ಸಿಕ್ಕಿಸಿದೆ. ಹುಕ್ಕಿನಿಂದ ಸೀಸದ ಗುಂಡಿಗೆ 22 ಇಂಚು. ರೀಲ್ ಸುತ್ತಿ ಬಿಗಿ ಮಾಡಿದೆ. ಗುಂಡು ಮೆಲ್ಲಗೆ ಜಾರಿ ಬಂದು ನಿಂತಿತು. ಸರಿಯಾಗಿ ಬಿಳಿ ಚುಕ್ಕೆಗಳ ಮೇಲೆ. ರಾಡನ್ನು ಒಂದು ಸಲ ಅಲುಗಾಡಿಸಿದೆ. ಟಕ್, ಟಕ್, ಟಕ್.

ಮೇಷ್ಟ್ರು ಏನೂ ಮಾತಾಡಲಿಲ್ಲ. ಆ ಗುಂಡನ್ನು ಕೈಗೆ ತೆಗೆದುಕೊಂಡು ನೋಡುತ್ತಾ ಕೂತರು. ಅದರ ತೂಕ 60 ಗ್ರಾಂ. ರಾಡಿನ ಬುಡದಲ್ಲಿ ಎಸೆಯುವ ತೂಕ 10ರಿಂದ 30 ಗ್ರಾಂ ಅಂತ ಬರೆದಿದೆ. ಗುಂಡಿನ ಜೊತೆ ರಾಗಿ ಉಂಡೆಯ ತೂಕ ಬೇರೆ. ಅಂದರೆ ಏಟು ತಿಂದ ಜಾಗಕ್ಕೆ ಪ್ರತಿ ಎಸೆತದಲ್ಲೂ ಹೇಳಿದ್ದರ ಎರಡು ಪಟ್ಟು ಭಾರ.

ರಿಂಗಿನ ಒರಟು ಕಾಲು ಸುಳ್ಳಲ್ಲ. ಅದೂ ಒಂದು ಕೈ ಸೇರಿಸಿದೆ, ಮೊದಲ ಸಲ ಅದರ ಅಂಚಿನಲ್ಲೇ ಬಿಟ್ಟುಕೊಂಡಿದೆ. ಆದರೆ ಮುಖ್ಯ ಕಾರಣ ಈ ಗುಂಡು. ನಾನು ಒಂದು ಸಣ್ಣ ಕಾರಣ ಸಿಕ್ಕಿದ ಕೂಡಲೇ ದೊಡ್ಡದನ್ನು ಹುಡುಕುವುದು ಬಿಟ್ಟಿದ್ದೆ. ಮೇಷ್ಟ್ರಿಗೆ ಹಾಗೇ ಹೇಳಿದೆ. ಎರಡನೇ ಸಲದ ಕೆಲಸಕ್ಕೆ ದುಡ್ಡು ಬೇಡ ಅಂತಲೂ ಹೇಳಿದೆ.

ಎರಡನೇ ರಿಪೇರಿ

ಈಗ ಏಟು ತಿಂದ ಜಾಗ ಪೂರ್ತಿ ಹೋಗಬೇಕು. ಎಂಟೂವರೆ ಇಂಚಿನಿಂದ ಹದಿನೈದು ಇಂಚಿನವರೆಗೆ ತೆಗೆದೆ. ಆರೂವರೆ ಇಂಚು ರಾಡ್ ಕಡಿಮೆಯಾಗುತ್ತದೆ. ಎಂಟು ಅಡಿ ಇದ್ದದ್ದು ಸುಮಾರು ಏಳೂವರೆ ಅಡಿ. ಮೇಷ್ಟ್ರನ್ನು ಕೇಳಿದೆ, "ಆಗಲಿ" ಅಂದರು. ಕೂದಲೆಳೆ ಬಿರುಕನ್ನು ಒಳಗಿಟ್ಟುಕೊಂಡು ಮೇಲೆ ನೂಲು ಸುತ್ತುವುದಕ್ಕಿಂತ ಇದೇ ಒಳ್ಳೆಯದು.

ಕಾರ್ಬನ್ ಕತ್ತರಿಸುವಾಗ ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಬೇಕು. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಬೇಕು, ಇಲ್ಲದಿದ್ದರೆ ಎಳೆ ಸೀಳುತ್ತವೆ. ಕೊಳವೆಯನ್ನು ತಿರುಗಿಸುತ್ತಾ ಸುತ್ತಲೂ ಕೊಯ್ಯಬೇಕು. ಮತ್ತೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ: ಆ ಕಪ್ಪು ಪುಡಿ ಉಸಿರಿಗೆ ಹೋಗಬಾರದು. ಮುಖಕ್ಕೆ ಮಾಸ್ಕ್ ಹಾಕಿ, ನೀರು ಹಚ್ಚಿಕೊಂಡು ಉಜ್ಜಿ. ಚರ್ಮಕ್ಕೆ ಚುಚ್ಚಿದರೆ ಎರಡು ದಿನ ಕೆರೆಯುತ್ತದೆ.

ಮುಂದಿನ ತೊಡಕು ಅಳತೆಯದು. ರಾಡ್ ಮೇಲೆ ಹೋದ ಹಾಗೆ ಸಣ್ಣವಾಗುತ್ತದೆ. ಕೆಳಗಿನ ತುಂಡಿನ ಬಾಯಿ ಹೊರಗೆ 6 ಮಿಲಿಮೀಟರ್, ಒಳಗೆ ನಾಲ್ಕೂವರೆ. ಮೇಲಿನ ತುಂಡಿನ ಬಾಯಿ ಹೊರಗೆ 5.3, ಒಳಗೆ 4. ನಡುವಿನ ಆರೂವರೆ ಇಂಚು ತೆಗೆದದ್ದರಿಂದ ಎರಡೂ ಬಾಯಿ ಒಂದೇ ಅಳತೆಯಲ್ಲಿಲ್ಲ. ಒಳಗಿನ ತುಂಡು ಎರಡಕ್ಕೂ ಹೊಂದಬೇಕು.

ನನ್ನ ಹತ್ತಿರ ಮುರಿದ ರಾಡ್‌ಗಳ ಒಂದು ಕಟ್ಟೇ ಇದೆ. ಯಾರು ಎಸೆದರೂ ತಂದಿಟ್ಟುಕೊಳ್ಳುತ್ತೇನೆ. ಅದರಲ್ಲಿ ಒಂದೊಂದೇ ತೆಗೆದು, ಜಾಯಿಂಟಿನ ಕಡೆಯಿಂದ ಒಳಗೆ ತೂರಿಸಿ ನೋಡಿದೆ. ಮೇಲೆ ಹೋಗುತ್ತಾ ಹೋಗುತ್ತಾ ಎಲ್ಲಿ ತಾನಾಗಿ ಬಿಗಿಯುತ್ತದೋ ಅದೇ ಅದರ ಜಾಗ. ಒಂಬತ್ತನೆಯದು ಹತ್ತಿರ ಹತ್ತಿರ ಹೊಂದಿತು. ಮೇಲಿನ ಅರ್ಧ ಸರಿಯಾಗಿ ಕೂತಿತು, ಕೆಳಗಿನ ಅರ್ಧ ಸ್ವಲ್ಪ ಸಡಿಲ. ಆ ಸಡಿಲಕ್ಕೆ ನೂಲನ್ನು ಒಂದು ಪದರ ಸುತ್ತಿ ಎಪಾಕ್ಸಿ ಹಚ್ಚಿ ಒಣಗಿಸಿ, ಮರಳುಕಾಗದದಲ್ಲಿ ನೀರು ಹಚ್ಚಿ ಉಜ್ಜಿ ಹದ ಮಾಡಿದೆ. ಈ ಸಲ ಉದ್ದ 6 ಇಂಚು, ಎರಡೂ ಕಡೆ ಮೂರು ಮೂರು.

ಎರಡೂ ತುದಿಯನ್ನು ಪೆನ್ಸಿಲ್ ಚೂಪು ಮಾಡಿದ ಹಾಗೆ ಒಂದಿಂಚು ಉದ್ದಕ್ಕೆ ತೆಳುವಾಗಿ ಇಳಿಸಿದೆ. ಮೊದಲ ಸಲ ಬಿಟ್ಟಿದ್ದು ಇದನ್ನೇ. ತುದಿ ತೆಳುವಾದರೆ ಗಟ್ಟಿ ಜಾಗದಿಂದ ಬಾಗುವ ಜಾಗಕ್ಕೆ ಮೆಟ್ಟಿಲು ಇರುವುದಿಲ್ಲ, ಇಳಿಜಾರು ಇರುತ್ತದೆ.

ಇನ್ನೊಂದು ಸಣ್ಣ ಕೆಲಸ. ತುಂಡಿನ ಮೈಮೇಲೆ ಉದ್ದಕ್ಕೆ ಅರದ ಅಂಚಿನಲ್ಲಿ ಒಂದು ಗೀರು ಎಳೆದೆ. ಮೇಲಿನ ಕೊಳವೆಯ ತುದಿ ಮುಚ್ಚಿರುತ್ತದೆ, ಅಲ್ಲಿ ತುದಿ ರಿಂಗು ಅಂಟಿಸಿರುತ್ತಾರೆ. ಕೆಳಗಿಂದ ಎಪಾಕ್ಸಿ ಹಚ್ಚಿದ ತುಂಡನ್ನು ತಳ್ಳುವಾಗ ಅದರ ಟೊಳ್ಳು ಎಪಾಕ್ಸಿಯಿಂದ ಮುಚ್ಚಿಹೋದರೆ ಒಳಗಿನ ಗಾಳಿಗೆ ಹೋಗಲು ದಾರಿಯೇ ಇಲ್ಲ. ಸಿರಿಂಜಿನ ಹಾಗೆ ಒತ್ತಿಕೊಂಡು, ನಾವು ಕೈಬಿಟ್ಟ ಮೇಲೆ ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಅಂಟಿಸಿದ ಜಾಗ ಎರಡು ಮಿಲಿಮೀಟರ್ ಬಾಯಿ ಬಿಟ್ಟಿರುತ್ತದೆ. ಗೀರಿನ ದಾರಿಯಲ್ಲಿ ಗಾಳಿ ಹೊರಗೆ ಬರುತ್ತದೆ. ತಳ್ಳುವಾಗ ಗುಳ್ಳೆ ಗುಳ್ಳೆಯಾಗಿ ಬರುವುದು ಕಣ್ಣಿಗೇ ಕಾಣುತ್ತದೆ.

ಅಂಟಿಸುವ ಮೊದಲು ಬೆನ್ನು ಹುಡುಕಬೇಕು. ಹಾಳೆಯನ್ನು ಸುತ್ತುವಾಗ ಅದರ ಅಂಚು ಒಂದರ ಮೇಲೊಂದು ಬರುವ ಕಡೆ ಕೊಳವೆ ಸ್ವಲ್ಪ ಬಿಗಿ ಇರುತ್ತದೆ. ತುಂಡಿನ ಬುಡವನ್ನು ಮೇಜಿಗೆ ಊರಿ, ತುದಿಯನ್ನು ಅಂಗೈಯಲ್ಲಿ ಒತ್ತಿ ಬಾಗಿಸಿ, ಇನ್ನೊಂದು ಕೈಯಲ್ಲಿ ಉರುಳಿಸಿದರೆ ಒಂದು ಕಡೆ ತಾನೇ ಟಕ್ಕನೆ ತಿರುಗಿ ನಿಲ್ಲುತ್ತದೆ. ಅದೇ ಬೆನ್ನು. ಕತ್ತರಿಸಿದ ಎರಡೂ ತುಂಡಿನಲ್ಲಿ ಬೆನ್ನಿನ ಗೆರೆ ಒಂದೇ ಸಾಲಿಗೆ ಬರಬೇಕು. ಬಾರದಿದ್ದರೆ ರಾಡ್ ಒಂದೇ ಹದಕ್ಕೆ ಬಾಗುವುದಿಲ್ಲ. ಬಿಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ.

ಎಪಾಕ್ಸಿ ನಿಧಾನವಾಗಿ ಒಣಗುವ ಜಾತಿಯದ್ದೇ ಆಗಬೇಕು. ಐದು ನಿಮಿಷದಲ್ಲಿ ಗಟ್ಟಿಯಾಗುವುದು ಇಲ್ಲಿಗೆ ಬೇಡ. ಒಳಮೈ, ಹೊರಮೈ ಎರಡನ್ನೂ ಒರಟು ಮಾಡಿ, ಸ್ಪಿರಿಟ್ಟಿನಲ್ಲಿ ಒರೆಸಿ, ಕೈ ಮುಟ್ಟದೆ ಅಂಟಿಸಿದೆ. ಇಪ್ಪತ್ತನಾಲ್ಕು ಗಂಟೆ ಹಾಗೇ ಬಿಟ್ಟೆ.

ಆಮೇಲೆ ನೂಲು. ಇದು ನನಗೆ ಇಷ್ಟದ ಕೆಲಸ. ಮೇಷ್ಟ್ರ ರಾಡಿಗೆ ಹಸಿರು ನೈಲಾನ್ ನೂಲು. ಇದು ಎಷ್ಟು ಸಣ್ಣ ಅಂದರೆ ಒಂದು ಇಂಚಿಗೆ ಸುಮಾರು 160 ಸುತ್ತು ಬರುತ್ತದೆ. ನೂಲಿನ ಉಂಡೆಯನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿ ಬಿಗಿ ಕೊಡುತ್ತೇನೆ. ರಾಡನ್ನು ಎರಡು ಕವೆಗಳ ಮೇಲಿಟ್ಟು ಕೈಯಲ್ಲೇ ತಿರುಗಿಸುತ್ತೇನೆ. ಹೆಬ್ಬೆರಳ ಉಗುರಿನಿಂದ ಹೊಸ ಸುತ್ತನ್ನು ಹಳೇ ಸುತ್ತಿಗೆ ಒತ್ತುತ್ತಾ ಹೋಗಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿ ಕೂತರೂ ಬಿಚ್ಚಿ ಮತ್ತೆ ಮಾಡುತ್ತೇನೆ. ಕಾಯಿಲ್‌ನಲ್ಲಿ ತಂತಿ ಹತ್ತಿ ಕೂತರೆ ಮೋಟಾರ್ ಸುಡಬಹುದು. ಇಲ್ಲಿ ಸುಡುವುದಿಲ್ಲ, ಆದರೆ ಕೈ ಒಪ್ಪುವುದಿಲ್ಲ. ಹಾಗಂತ ತೀರಾ ಬಿಗಿ ಎಳೆಯಬಾರದು. ಬಿಗಿ ಜಾಸ್ತಿಯಾದರೆ ತೆಳು ಗೋಡೆಗೆ ಅದೇ ಏಟು. ರಿಂಗು ಕಟ್ಟಿದ ಮೇಲೆ ಬೆರಳಲ್ಲಿ ಒತ್ತಿದರೆ ಕೂದಲೆಳೆಯಷ್ಟು ಜರುಗಬೇಕು, ಅದು ಸರಿಯಾದ ಬಿಗಿ. ಸುತ್ತು ಮುಗಿಯಲು ಹತ್ತು ಸುತ್ತು ಇರುವಾಗ ಬೇರೆ ನೂಲಿನ ಒಂದು ಕುಣಿಕೆ ಒಳಗೆ ಸೇರಿಸಿ ಸುತ್ತಬೇಕು. ಕೊನೆಯ ತುದಿಯನ್ನು ಆ ಕುಣಿಕೆಗೆ ಪೋಣಿಸಿ ಎಳೆದರೆ ಸುತ್ತಿನ ಕೆಳಗೆ ಹೋಗಿ ಕೂರುತ್ತದೆ. ಗಂಟೇ ಇರುವುದಿಲ್ಲ.

ಹಿಂದೆ ಸೀಳಿದ ಬಿದಿರನ್ನು ಅಂಟಿಸಿ ಮಾಡುತ್ತಿದ್ದ ರಾಡ್‌ಗಳಿಗೆ ರೇಷ್ಮೆ ನೂಲು ಸುತ್ತುತ್ತಿದ್ದರು. ರೇಷ್ಮೆ ಊರಿನಲ್ಲೇ ಕೂತು ಆ ಕೆಲಸ ಒಂದು ಸಲವಾದರೂ ಮಾಡಬೇಕು ಅಂತ ನನಗೆ ಆಸೆ. ಅದು ಬೇರೆ ಮಾತು.

ಅಂಟಿಸಿದ ಜಾಗದ ಮೇಲೆ ಮೊದಲ ಪದರ 4 ಇಂಚು ಸುತ್ತಿದೆ. ಅದರ ಮೇಲೆ ಎರಡು ಇಂಚಿನ ಇನ್ನೊಂದು ಪದರ. 6 ಮಿಲಿಮೀಟರಿನಿಂದ 5.3ಕ್ಕೆ ಇಳಿಯುವ ಮೆಟ್ಟಿಲು ಈ ಎರಡು ಪದರದಲ್ಲಿ ಮುಚ್ಚಿಹೋಯಿತು. ಮೇಲೆ ಹಚ್ಚುವ ಎಪಾಕ್ಸಿಯನ್ನು ಎರಡು ಸಿರಿಂಜಿನಲ್ಲಿ ಸಮ ಸಮ ಅಳೆದು, ನಾಲ್ಕು ನಿಮಿಷ ನಿಧಾನವಾಗಿ ಕಲೆಸಿದೆ. ಕಲೆಸಿದ ಮೇಲೆ ಬಟ್ಟಲಲ್ಲೇ ಬಿಡಬಾರದು, ತನ್ನ ಕಾವಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾಗಿ ಹರಡಿದರೆ ಗುಳ್ಳೆಯೂ ಹೋಗುತ್ತದೆ, ಸಮಯವೂ ಸಿಗುತ್ತದೆ. ಮಾರ್ಚ್ ಬಿಸಿಲಿನಲ್ಲಿ ಇದು ಮುಖ್ಯ. ಮಳೆಗಾಲದಲ್ಲಿ ತೊಂದರೆ ಬೇರೆ ಥರ, ತೇವಕ್ಕೆ ಮೇಲ್ಮೈ ಮಬ್ಬಾಗುತ್ತದೆ. ಹಚ್ಚಿದ ಮೇಲೆ ಉಳಿದ ಗುಳ್ಳೆಗೆ ಸ್ಪಿರಿಟ್ ದೀಪದ ಕಾವನ್ನು ದೂರದಿಂದ ತೋರಿಸಿದೆ.

ಒಣಗುವವರೆಗೆ ರಾಡ್ ತಿರುಗುತ್ತಲೇ ಇರಬೇಕು. ಇಲ್ಲದಿದ್ದರೆ ಎಪಾಕ್ಸಿ ಕೆಳಗಿಳಿದು ಜೋತುಬೀಳುತ್ತದೆ. ಅದಕ್ಕೆ ಹಳೇ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಸಣ್ಣ ಮೋಟಾರ್ ಇಟ್ಟುಕೊಂಡಿದ್ದೇನೆ. ನಿಮಿಷಕ್ಕೆ ಐದಾರು ಸುತ್ತು. ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಆರು ಗಂಟೆ ತಿರುಗಿತು. ಮುಟ್ಟಿದರೆ ಅಂಟದಿರಲು ಒಂದು ದಿನ. ಭಾರ ಹಾಕಲು ಒಂದು ವಾರ ಕಾದೆ.

ಈ ನಡುವೆ ಉಳಿದ ರಿಂಗುಗಳನ್ನೂ ನೋಡಿದೆ. ಒಳಗಿನ ಬಿಲ್ಲೆ ಬಿರುಕು ಬಿಟ್ಟಿದ್ದರೆ ಲೈನ್ ಕೊಯ್ಯುತ್ತದೆ. ಕಣ್ಣಿಗೆ ಕಾಣದ ಬಿರುಕು ಹತ್ತಿಗೆ ಸಿಗುತ್ತದೆ. ಸ್ವಲ್ಪ ಹತ್ತಿಯನ್ನು ಒಳಗೆ ಆಡಿಸಿ ನೋಡಿ, ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ತುದಿಯಿಂದ ಮೂರನೆಯದರಲ್ಲಿ ಸಿಕ್ಕಿಕೊಂಡಿತು. ಬದಲಾಯಿಸಿದೆ.

ನೀರಿನ ಬಾಟಲಿ

ಮೇಷ್ಟ್ರು ಪದೇ ಪದೇ ಹೇಳುವ ಒಂದು ಕಥೆ ಇದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನ ಮಹಸೀರ್ ಹಿಡಿದದ್ದು. ನಮ್ಮ ಲೆಕ್ಕದಲ್ಲಿ 54 ಕಿಲೋ. "ಅಷ್ಟು ದೊಡ್ಡ ಮೀನಿಗೆ ಮುರೀದೆ ಇದ್ದ ರಾಡ್ ಎಂಥದ್ದಿರಬೇಕು!" ಅನ್ನುತ್ತಾರೆ. ಕಾವೇರಿ ಸೀಮೆಯ ಆ ಬೆನ್ನುಗೂನಿನ ಮಹಸೀರ್ ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ಅತಿ ಹೆಚ್ಚು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅಪ್ಪಿತಪ್ಪಿ ಗಾಳಕ್ಕೆ ಸಿಕ್ಕರೂ ನೀರಲ್ಲೇ ಬಿಡಿಸಿ ಕಳಿಸಬೇಕು. ಮೇಷ್ಟ್ರೂ ಅದನ್ನೇ ಹೇಳುತ್ತಾರೆ.

ಅವರ ಪ್ರಶ್ನೆಗೆ ಉತ್ತರ ಇದು: ಮೀನಿನ ಪೂರ್ತಿ ತೂಕ ರಾಡಿನ ಮೇಲೆ ಬೀಳುವುದಿಲ್ಲ. ರೀಲಿನಲ್ಲಿ ಲೈನನ್ನು ಹಿಡಿದು ಬಿಡುವ ಬ್ರೇಕಿಗೆ ಡ್ರ್ಯಾಗ್ ಅನ್ನುತ್ತಾರೆ. ಅದು ಎಷ್ಟಕ್ಕೆ ಬಿಡುತ್ತದೋ ಅಷ್ಟೇ ಎಳೆತ. ಅದಕ್ಕಿಂತ ಜಾಸ್ತಿ ಎಳೆದರೆ ಲೈನ್ ಜಾರಿಕೊಂಡು ಹೋಗುತ್ತದೆ. ಮೇಷ್ಟ್ರ ಲೈನ್ 6 ಕಿಲೋ ತಡೆಯುವಂಥದ್ದು. ಡ್ರ್ಯಾಗನ್ನು ಅದರ ಕಾಲು ಭಾಗಕ್ಕೆ, ಒಂದೂವರೆ ಕಿಲೋಗೆ ಸ್ಪ್ರಿಂಗ್ ತಕ್ಕಡಿ ಹಿಡಿದು ಹೊಂದಿಸಿದೆ. ಹಾಗಾದರೆ ರಾಡ್ ಒಂದೂವರೆ ಕಿಲೋ ತಡೆದರೆ ಸಾಕು.

ಬುಡವನ್ನು ಬೆಂಚಿಗೆ ಓರೆಯಾಗಿ ಬಿಗಿದೆ. ರಿಂಗುಗಳಲ್ಲಿ ಲೈನ್ ಹಾಯಿಸಿ ತುದಿಗೆ ಎರಡು ಲೀಟರಿನ ಖಾಲಿ ಬಾಟಲಿ ಕಟ್ಟಿದೆ. ಕಾಲು ಲೀಟರ್ ನೀರು ಹಾಕಿದೆ. ಬಾಗು ನೋಡಿದೆ. ಮತ್ತೆ ಕಾಲು ಲೀಟರ್. ಬಾಗಿದ ರಾಡಿನ ಉದ್ದಕ್ಕೂ ಲೈನ್ ಅದರ ಮೈಗೆ ತಾಗದೆ ಬರಬೇಕು. ಅಂಟಿಸಿದ ಜಾಗದ ಮೇಲೆ ಒಂದು ಕಡೆ ತಾಗುತ್ತಿತ್ತು. ರಾಡ್ ಗಿಡ್ಡವಾದದ್ದರಿಂದ ರಿಂಗುಗಳ ನಡುವಿನ ಅಂತರ ಕೆಟ್ಟಿತ್ತು. ಒಂದು ರಿಂಗನ್ನು ಮುಕ್ಕಾಲು ಇಂಚು ಕೆಳಗೆ ತಂದು ಟೇಪಿನಲ್ಲಿ ಹಿಡಿಸಿದೆ, ಸರಿಹೋಯಿತು.

ಮುಕ್ಕಾಲು ಲೀಟರಿಗೆ "ಟಿಕ್" ಅಂತ ಸಣ್ಣ ಸದ್ದು.

ಎದೆ ಧಸಕ್ ಅಂತು. ನೀರು ಚೆಲ್ಲಿ, ಇಳಿಸಿ, ಸೀಮೆಸುಣ್ಣದ ಪುಡಿ ಉಜ್ಜಿ ನೋಡಿದೆ. ಅಂಟಿಸಿದ ಜಾಗ ಚೆನ್ನಾಗಿತ್ತು. ಒಂದು ರಿಂಗಿನ ಕಾಲು ಶುರುವಾಗುವ ಕಡೆ ಮೇಲಿನ ಎಪಾಕ್ಸಿಯಲ್ಲಿ ಕೂದಲೆಳೆ ಗೆರೆ. ಕಾಲಿನ ತುದಿ ಸಾಕಷ್ಟು ತೆಳುವಾಗಿರಲಿಲ್ಲ, ಬಾಗುವಾಗ ಎಪಾಕ್ಸಿಯನ್ನು ಎತ್ತಿದೆ. ಕೊಳವೆಗೆ ಏನೂ ಆಗಿರಲಿಲ್ಲ. ಆದರೂ ಬಿಡಲಿಲ್ಲ. ನೂಲು ಬಿಚ್ಚಿ, ಕಾಲಿನ ತುದಿಯನ್ನು ಬ್ಲೇಡಿನ ಅಂಚಿನ ಹಾಗೆ ಇಳಿಸಿ, ಜರುಗಿಸಿದ ರಿಂಗಿನ ಜೊತೆಗೇ ಮತ್ತೆ ಕಟ್ಟಿದೆ. ಇನ್ನೂ ಒಂದು ವಾರ ಹೋಯಿತು.

ಎರಡನೇ ಸಲ ಒಂದೂವರೆ ಲೀಟರ್ ತುಂಬಿಸಿ ಹತ್ತು ನಿಮಿಷ ಬಿಟ್ಟೆ. ಸದ್ದಿಲ್ಲ. ಇಳಿಸಿದ ಮೇಲೆ ರಾಡ್ ನೇರವಾಯಿತು.

ಕೈಕೆಲಸ ಒಟ್ಟು ಹನ್ನೊಂದು ಗಂಟೆ ಹಿಡಿಯಿತು. ಸಾಮಾನಿಗೆ 380 ರೂಪಾಯಿ.

ಕೆರೆಗೆ ಹೋಗುವ ದಾರಿ

ರಾಡ್ ಸರಿಯಾದರೆ ಸಾಲದು, ಅಲ್ವಾ? ನಾಲೆ ಏರಿ ಅಲ್ಲೇ ಇದೆ, ಮೊಪೆಡ್ಡೂ ಅದೇ. "ಇನ್ಮೇಲೆ ಬಿಚ್ಚಿಕೊಂಡು ಹೋಗಿ ಸಾರ್" ಅಂತ ಹೇಳಿ ಕಳಿಸಬಹುದಿತ್ತು. ಆದರೆ ಅವರ ಕಣ್ಣು ಮಂಜು ಅನ್ನುವುದು ನೆಪವಲ್ಲ. ಅದಕ್ಕೆ ದಾರಿ ಹುಡುಕದೆ ಬುದ್ಧಿ ಹೇಳಿದರೆ ಮತ್ತೆ ಗುಂಡು ಟಕ್ ಟಕ್ ಅನ್ನುತ್ತದೆ.

ಲೈನಿನ ತುದಿಗೆ ಸ್ನ್ಯಾಪ್ ಕೊಂಡಿ ಕಟ್ಟಿಕೊಟ್ಟೆ. ಸೇಫ್ಟಿ ಪಿನ್ನಿನ ಹಾಗೆ ಬಿಚ್ಚಿ ಹಾಕುವಂಥದ್ದು. ಗುಂಡು, ಹುಕ್ಕು ಕಟ್ಟಿದ ಸಣ್ಣ ಲೈನುಗಳನ್ನು ಹತ್ತು ತಯಾರು ಮಾಡಿ, ರಟ್ಟಿಗೆ ಸುತ್ತಿ ಡಬ್ಬಿಗೆ ಹಾಕಿಕೊಟ್ಟೆ. ಕೆರೆ ಹತ್ತಿರ ಗಂಟು ಹಾಕುವ ಕೆಲಸವೇ ಇಲ್ಲ, ಬೆರಳ ತುದಿಗೆ ಕೊಂಡಿ ಸಿಕ್ಕಿದರೆ ಸಾಕು. ಕಣ್ಣು ಮುಚ್ಚಿಕೊಂಡೇ ಒಂದು ಸಲ ಹಾಕಿ ತೋರಿಸಿದರು ಮೇಷ್ಟ್ರು. ಗುಂಡಿನ ತೂಕವನ್ನು 25 ಗ್ರಾಮಿಗೆ ಇಳಿಸಿದೆವು, ಉಂಡೆಯನ್ನೂ ನೆಲ್ಲಿಕಾಯಿ ಗಾತ್ರದಿಂದ ಕಡಲೆಕಾಳು ಗಾತ್ರಕ್ಕೆ. ನಿಂತ ನೀರಿನ ಕೆರೆಗೆ ಅಷ್ಟು ಸಾಕು.

ರಾಡ್ ಇಡಲು ನಲ್ಲಿ ಕೆಲಸಕ್ಕೆ ಬಳಸುವ ಎರಡಿಂಚಿನ ಪಿವಿಸಿ ಪೈಪನ್ನು ಸಂತೇಪೇಟೆಯಿಂದ ತಂದೆ. ರೀಲ್ ಕಳಚಿದ ಬುಡದ ತುಂಡು ನಾಲ್ಕಡಿ, ಅದು ಹಿಡಿಸುವಷ್ಟು ಉದ್ದ. ಒಂದು ಕಡೆ ಮುಚ್ಚಳ ಅಂಟಿಸಿ, ಇನ್ನೊಂದು ಕಡೆ ತಿರುಗಿಸಿ ತೆಗೆಯುವ ಮುಚ್ಚಳ ಹಾಕಿದೆ. ಎರಡೂ ತುಂಡನ್ನು ಬೇರೆ ಬೇರೆ ಬಟ್ಟೆ ಚೀಲದಲ್ಲಿ ಹಾಕಿ ಒಳಗಿಟ್ಟೆವು. ದೊಡ್ಡ ರಿಂಗು ಪೈಪಿಗೆ ಒರೆಸದ ಹಾಗೆ ಚೀಲವನ್ನು ಹಳೇ ಟವಲ್ಲಿನಲ್ಲಿ ಹೊಲಿದವರು ಮೇಷ್ಟ್ರ ಮನೆಯವರು.

ರಾಡ್ ಹೋಗಿ ಈಗ ಐದು ತಿಂಗಳಾಯಿತು. ಮೇಷ್ಟ್ರು ತಿಂಗಳಿಗೊಮ್ಮೆ ಮೈಸೂರಿಗೆ ಬಂದಾಗ ಪೈಪ್ ಹಿಡಿದುಕೊಂಡೇ ಬರುತ್ತಾರೆ. ಸೀಮೆಸುಣ್ಣವನ್ನು ಜೇಬಿನಿಂದ ಅವರೇ ತೆಗೆಯುತ್ತಾರೆ. ಹೋದ ಭಾನುವಾರ ಪುಡಿ ಉಜ್ಜಿ, ಒರೆಸಿ, ಕಿಟಕಿ ಬೆಳಕಿಗೆ ಹಿಡಿದೆವು. ಕೊಳವೆಯ ಮೇಲೆ ಎಲ್ಲೂ ಬಿಳಿ ನಿಲ್ಲಲಿಲ್ಲ. ತುದಿ ರಿಂಗಿನಲ್ಲಿ ಮಾತ್ರ ಹತ್ತಿಯ ಒಂದು ಎಳೆ ಸಿಕ್ಕಿಕೊಂಡಿತು. ಅದನ್ನು ದೀಪಾವಳಿಗೆ ಮುಂಚೆ ಬದಲಾಯಿಸಿಕೊಡಬೇಕು.